ಪ್ರಗತಿಯೂ ನಕ್ಷೆಗಾರನೂ

ಪ್ರಗತಿಯೆಂಬ ಶಬ್ದವು ಈಗ ಸರ್ವರ ನಾಲಗೆಯ ಮೇಲೂ ನಲಿದಾಡುತ್ತಿರುವುದಷ್ಟೆ. ಬೀದಿಗೆ ಹೊಸದಾಗಿ ಡಾಂಬರು ಬಳಿದರೆ ಪ್ರಗತಿ. 2008ರಿಂದ ದೇವನಹಳ್ಳಿಯ ಹೊಲಗಳ ಮೇಲೆ ವಿಮಾನಗಳು ಹಾರಾಡುತ್ತಿರುವುದು ಪ್ರಗತಿ. ನಾಲ್ಕು ಮಗ್ಗಗಳಿದ್ದ ಮನೆಯಲ್ಲಿ ಎಂಟು ಮಗ್ಗಗಳು ಸದ್ದುಮಾಡಿದರೆ ಅದೂ ಪ್ರಗತಿಯೇ. ಶಬ್ದವು ಸಂಸ್ಕೃತದ್ದು. ಪ್ರ ಎಂಬುದು ಉಪಸರ್ಗ, ಗಮ್ ಎಂಬುದು ಧಾತು. ಮುಂದಕ್ಕೆ ಹೋಗುವಿಕೆಯೆಂದು ಅರ್ಥ. ಆದರೆ ಮುಂದೆಂಬುದು ಯಾವ ದಿಕ್ಕು ಎಂಬುದನ್ನು ಧಾತುವೂ ಹೇಳದು, ಉಪಸರ್ಗವೂ ಹೇಳದು. ಕನ್ನಡಿಗನಾದರೋ ಉಪಸರ್ಗವನ್ನು ಕಳಚಿಟ್ಟು ಬರಿಯ ಗತಿಯೆಂಬುದನ್ನೇ ಹೆಚ್ಚಾಗಿ ಬಳಸುವನು, 'ಮುಂದೇನು ಗತಿ?' ಎಂದು ಕೇಳುವವನ ಸ್ವರದಲ್ಲಿ ಸಂತೋಷವಿರುವುದಿಲ್ಲ. ದೊಡ್ಡಬಳ್ಳಾಪುರದ ನಕ್ಷೆಗಾರನ ವಿಷಯದಲ್ಲಿ ಈ ಎರಡು ಶಬ್ದಗಳಿಗಿದ್ದ ಅಂತರವು ಅಳಿಸಿಹೋಗುತ್ತಿರುವುದನ್ನು ವಾಚಕರು ಕೊಂಚ ಸಾವಧಾನವಾಗಿ ಪರ್ಯಾಲೋಚಿಸಬೇಕಾಗಿದೆ.

ಸೀರೆಯ ಊರಾದ ದೊಡ್ಡಬಳ್ಳಾಪುರದಲ್ಲಿ ನೇಕಾರನನ್ನು ಎಲ್ಲರೂ ಬಲ್ಲರು. ನೂಲು ಕೊಟ್ಟು ಸೀರೆ ಕೊಳ್ಳುವ ಸಾಹುಕಾರನನ್ನೂ ಬಲ್ಲರು. ಜೇಡರ ದಾಸಿಮಯ್ಯನ ಜಯಂತಿಯಂದು ಮಗ್ಗದ ಮಹಿಮೆಯನ್ನು ಕುರಿತು ಭಾಷಣಗಳೂ ಆಗುವುವು. ಇವರ ನಡುವೆ ಕುಳಿತು, ಅಂಚಿನ ಹಂಸವು ಯಾವ ಕಡೆಗೆ ಮುಖಮಾಡಬೇಕು, ಸೆರಗಿನ ಮಾವಿನಕಾಯಿಯ ತುದಿಯು ಎಷ್ಟು ಬಾಗಬೇಕು ಎಂಬುದನ್ನು ನಿರ್ಣಯಿಸುವವನೊಬ್ಬನುಂಟೆಂಬುದು ಸೀರೆಯನ್ನುಡುವ ಗೃಹಿಣಿಗೂ ತಿಳಿಯದು. ಅದನ್ನು ಮಾರುವ ಅಂಗಡಿಯವನಿಗೂ ನೆನಪಿರದು. ಅವನೇ ನಕ್ಷೆಗಾರನು. ಈಗಿನವರು ಡಿಸೈನರ್ ಎನ್ನುವರು. ಹೆಸರು ದೊಡ್ಡದಾಯಿತು, ಅಂಗಡಿ ಮಾತ್ರ ಮೊದಲಿನ ಎಂಟಡಿ ಅಗಲದ್ದೇ.

ಅವನ ಕೆಲಸವೆಂಥದೆಂಬುದನ್ನು ಅರಿಯದೆ ಅವನ ಕಷ್ಟವು ಅರ್ಥವಾಗದು. ಚೌಕಳಿ ಹಾಕಿದ ಕಾಗದದ ಮೇಲೆ ಒಂದೊಂದು ಚೌಕವೂ ಹಾಸಿನ ಒಂದೆಳೆಯೂ ಹೊಕ್ಕಿನ ಒಂದೆಳೆಯೂ ಸೇರುವ ಸ್ಥಾನ. ಬಣ್ಣ ತುಂಬಿದ ಚೌಕಕ್ಕೆ ಕಾರ್ಡಿನಲ್ಲಿ ಒಂದು ತೂತು. ತೂತಿದ್ದಲ್ಲಿ ಜಕಾರ್ಡಿನ ಕೊಕ್ಕೆಯು ಹಾಸಿನ ಎಳೆಯನ್ನು ಮೇಲೆತ್ತುವುದು, ಇಲ್ಲದಲ್ಲಿ ಸುಮ್ಮನಿರುವುದು. ಹೊಕ್ಕಿನ ಒಂದು ಹಾಯಿಗೆ ಒಂದು ಕಾರ್ಡು. 240 ಕೊಕ್ಕೆಗಳ ಜಕಾರ್ಡಿಗೆ 400 ಕಾರ್ಡುಗಳ ನಮೂನೆಯೊಂದನ್ನು ಬರೆಯುವುದೆಂದರೆ 96,000 ಚೌಕಗಳಲ್ಲಿ 'ಇಲ್ಲಿ ಏಳು, ಇಲ್ಲಿ ಏಳಬೇಡ' ಎಂದು ತೀರ್ಪು ಕೊಡುವುದು. ಅಂಗುಲವೊಂದಕ್ಕೆ ಹಾಸಿನ ಎಳೆಗಳೆಷ್ಟು, ಹೊಕ್ಕಿನ ಎಳೆಗಳೆಷ್ಟು ಎಂಬ ಲೆಕ್ಕ ತಪ್ಪಿದರೆ ಕಾಗದದ ಮೇಲೆ ದುಂಡಗಿದ್ದ ಚಂದ್ರನು ಬಟ್ಟೆಯ ಮೇಲೆ ಕೋಳಿಮೊಟ್ಟೆಯಾಗುವನು. ಎಳೆಯು ಬಹುದೂರ ಕಟ್ಟಿಲ್ಲದೆ ತೇಲಿದರೆ ಉಟ್ಟವಳ ಬಳೆಗೋ ಕಾಲುಂಗುರಕ್ಕೋ ಸಿಕ್ಕಿ ಕಿತ್ತುಬರುವುದು. ಉಟ್ಟಾಗ ಹಂಸವು ತಲೆಕೆಳಗಾಗಬಾರದು. ನೆರಿಗೆಯಲ್ಲಿ ಮಡಿಸಿದಾಗ ಬುಟ್ಟಾ ಹೂವುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಬಾರದು. ಇವೆಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ಚೌಕಗಳ ಮೆಟ್ಟಿಲುಗಳಿಂದಲೇ ಬಳ್ಳಿಯ ಬಾಗನ್ನು ಕಣ್ಣಿಗೆ ತೋರಿಸುವುದು ಅವನ ವಿದ್ಯೆ.

ಅನ್ನಂಭಟ್ಟನ ತರ್ಕಸಂಗ್ರಹವನ್ನು ಕಂಠಪಾಠ ಮಾಡಿದ ಪಾಠಶಾಲೆಯ ಬಾಲಕನೂ ಬಲ್ಲಂತೆ, ವಸ್ತ್ರಕ್ಕೆ ತಂತುಗಳು ಸಮವಾಯಿಕಾರಣ. ತಂತುಗಳ ಸಂಯೋಗವು ಅಸಮವಾಯಿಕಾರಣ. ಲಾಳಿ ಮಗ್ಗ ಮೊದಲಾದುವು ನಿಮಿತ್ತಕಾರಣ. ಶಾಸ್ತ್ರಕಾರರು ಇಷ್ಟಕ್ಕೇ ನಿಲ್ಲಲಿಲ್ಲ. ಕಾರ್ಯವೊಂದಕ್ಕೆ ಕರ್ತೃವೂ ಬೇಕು. ಕರ್ತೃವೆಂದರೆ ಜ್ಞಾನ, ಮಾಡಬೇಕೆಂಬ ಇಚ್ಛೆ, ಪ್ರಯತ್ನ ಈ ಮೂರೂ ಉಳ್ಳವನೆಂದು ನಿರ್ಣಯಿಸಿದರು. ಈ ಕಾಲದ ಪ್ರಗತಿವಾದಿಗಳು ಮಾತ್ರ ಲಾಳಿಮಗ್ಗದ ಹತ್ತಿರವೇ ನಿಂತುಬಿಟ್ಟಿರುವರು. ನೂಲಿನ ಬೆಲೆಗಾಗಿ ಸಭೆ ಸೇರುವುದುಂಟು. ಮಗ್ಗಕ್ಕೆ ಸಾಲ, ವಿದ್ಯುತ್ತಿಗೆ ರಿಯಾಯಿತಿ, ಜರಿಯ ಪರೀಕ್ಷೆ ಇವೆಲ್ಲಕ್ಕೂ ಅರ್ಜಿಗಳು ಹೋಗುವುದುಂಟು. ಇವು ಬೇಡವೆಂದು ಯಾರೂ ಹೇಳರು. ಆದರೆ 'ಸೀರೆಯಲ್ಲಿ ಏನಿರಬೇಕು' ಎಂಬ ಜ್ಞಾನವು ಯಾರ ತಲೆಯಲ್ಲಿ ಹುಟ್ಟಿತೋ ಅವನ ಹೆಸರು ಯಾವ ಅರ್ಜಿಯಲ್ಲಿ ಕಾಣುವುದು?

ಪೇಟೆಯ ಒಂದು ಸಂದಿಯಲ್ಲಿ ತಂದೆಯಿಂದ ಮಗನಿಗೆ ಬಂದ ನಕ್ಷೆಯ ಅಂಗಡಿಯೊಂದಿದೆ. ತಂದೆಯು ಚೌಕಳಿ ಕಾಗದದ ಮೇಲೆ ಬರೆದು, ಕೈಯಿಂದ ಕಾರ್ಡು ಹೊಡೆದು, ದಾರದಿಂದ ಅವನ್ನು ಸರಪಣಿಯಂತೆ ಹೊಲಿದುಕೊಡುತ್ತಿದ್ದನು. ಮಗನು ಸಾಲಮಾಡಿ ಕಂಪ್ಯೂಟರು ತಂದನು. ಈಗ ಅವನಿಗೆ ಐವತ್ತು ಕಳೆದಿದೆ; ಅವನ ಮಗನು ಬೆಂಗಳೂರಿನ ಕಾಲೇಜಿಗೆ ಹೋಗುತ್ತಿರುವನು. ಆಯುಧಪೂಜೆಯ ಹಿಂದಿನ ದಿನ ಅಂಗಡಿಯನ್ನು ಗುಡಿಸಿ ಸಾರಿಸುವಾಗ ಅಟ್ಟದ ಮೇಲಿನ ಹಳೆಯ ಕಾರ್ಡುಗಳ ಕಟ್ಟುಗಳು ಕೆಳಕ್ಕಿಳಿದುವು. 'ಅಪ್ಪಾ, ಇವನ್ನೆಲ್ಲಾ ಗುಜರಿಗೆ ಹಾಕೋಣ. ಜಾಗವಾದರೂ ಆಗುತ್ತೆ' ಎಂದು ಮಗನು ಹೇಳಿದನು. ಯಜಮಾನನು ಮಾತನಾಡದೆ ಕಟ್ಟುಗಳ ಜೊತೆಯಲ್ಲಿದ್ದ ತಂದೆಯ ಲೆಕ್ಕದ ಪುಸ್ತಕವನ್ನು ತೆರೆದು ಕುಳಿತನು.

ಆ ಪುಸ್ತಕದಲ್ಲಿ ಒಂದೊಂದು ನಮೂನೆಗೂ ಹೆಸರಿತ್ತು. ಮಲ್ಲಿಗೆ ಮೊಗ್ಗು, ನವಿಲುಗಣ್ಣು, ತೇರಿನ ಅಂಚು, ರಾಗಿತೆನೆ. ಯಾರಿಗಾಗಿ ಬರೆದುದು, ಎಷ್ಟು ಕಾರ್ಡು, ಎಷ್ಟು ಹಣ ಬಂದಿತು, ಎಷ್ಟು ಬಾಕಿ ಎಂಬುದೂ ಇತ್ತು. ತಿಂಗಳಿಗೆ ಒಂದೆರಡಕ್ಕಿಂತ ಹೆಚ್ಚಿಲ್ಲ. ಮಗನ ಕಂಪ್ಯೂಟರಿನಲ್ಲಾದರೋ ದಿನಕ್ಕೆ ಒಂದೆರಡು. ಅವುಗಳಿಗೆ ಹೆಸರಿಲ್ಲ, ಅಂಕಿಯಿದೆ. ತಂದೆಯ ನಮೂನೆಯು ನಾಲ್ಕಾರು ವರ್ಷ ಮಗ್ಗದ ಮೇಲಿರುತ್ತಿತ್ತು. ಈಗಿನದು ನಾಲ್ಕಾರು ವಾರ ಇದ್ದರೆ ಪುಣ್ಯ. 'ಏನಪ್ಪಾ, ಇದು ಹಳೇದಾಯ್ತು, ನಾಳೆಗೆ ಹೊಸದೊಂದು ಕೊಡು' ಎನ್ನುವ ಸಾಹುಕಾರನಿಗೆ, 'ಅಣ್ಣಾ, ಇದನ್ನು ಕೊಟ್ಟು ಎಂಟು ದಿನ ಆಗಿಲ್ಲ' ಎಂದರೆ, 'ಆಗಲೇ ನಾಕು ಮನೇಲಿ ನೇಯ್ತಾವ್ರೆ' ಎಂಬ ಉತ್ತರವು ಸಿದ್ಧವಾಗಿರುತ್ತದೆ.

ಈ ಕಡೆಯ ಮಾತಿನಲ್ಲಿಯೇ ವಿಷಯದ ಮರ್ಮವಿದೆ. ಕಾರ್ಡುಗಳ ಕಾಲದಲ್ಲಿ ಕಳವು ಇರಲಿಲ್ಲವೆಂದಲ್ಲ, ಕಳವು ನಿಧಾನವಾಗಿತ್ತು. ಕಟ್ಟನ್ನು ಹೊತ್ತೊಯ್ದು ಒಂದೊಂದೇ ಕಾರ್ಡನ್ನು ನೋಡಿ ಇನ್ನೊಂದು ಜೊತೆ ಹೊಡೆಯಬೇಕು. ಇಲ್ಲವೆ ಸೀರೆಯನ್ನು ಭೂತಗನ್ನಡಿಯ ಕೆಳಗಿಟ್ಟು ಎಳೆಯೆಣಿಸಿ ಮತ್ತೆ ಚೌಕಳಿಗೆ ಇಳಿಸಬೇಕು. ಅಷ್ಟರಲ್ಲಿ ಬರೆಸಿದವನು ತನ್ನ ಸೀರೆಗಳನ್ನು ಮಾರಿ ಲಾಭ ಕಾಣುವನು. ಆ ಲಾಭದ ನಿರೀಕ್ಷೆಯಿಂದಲೇ ನಕ್ಷೆಗೆ ಒಳ್ಳೆಯ ಬೆಲೆ ಕೊಡುವನು. ಕಷ್ಟವೇ ನಕ್ಷೆಗಾರನ ಹೊಲಕ್ಕೆ ಬೇಲಿಯಾಗಿತ್ತು. 1983ರಲ್ಲಿ ಮಿಲಾನ್ ನಗರದ ಯಂತ್ರಪ್ರದರ್ಶನದಲ್ಲಿ ಕಾರ್ಡಿಲ್ಲದ ವಿದ್ಯುನ್ಮಾನ ಜಕಾರ್ಡು ಲೋಕಕ್ಕೆ ಕಾಣಿಸಿಕೊಂಡಿತು. ಕಾಲಕ್ರಮದಲ್ಲಿ ಅಂಥವು ಇಲ್ಲಿಗೂ ಬಂದುವು. ಈಗ ನಾನೂರು ಕಾರ್ಡುಗಳ ಕಟ್ಟು ಬೆರಳಿನುದ್ದದ ಪೆನ್‌ಡ್ರೈವಿನಲ್ಲಿ ಅಡಗಿರುವುದು. ಅದರ ನಕಲಿಗೆ ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಬೇಡ. ಅಂಗಡಿಯ ಗಾಜಿನೊಳಗೆ ತೂಗುಹಾಕಿದ ಸೀರೆಯನ್ನು ಯಾರೋ ಮೊಬೈಲಿನಲ್ಲಿ ಚಿತ್ರ ಹಿಡಿದರೆ ಆ ರಾತ್ರಿಯೇ ಅದು ಸೂರತ್ತಿನಲ್ಲಿರುವುದು. ಅಲ್ಲಿಯ ವೇಗದ ಮಗ್ಗಗಳಲ್ಲಿ ನೇಯ್ದ ಅಗ್ಗದ ಸೀರೆಯು ಬಂದು ದೊಡ್ಡಬಳ್ಳಾಪುರದ ಸೀರೆಯ ಪಕ್ಕದಲ್ಲಿಯೇ ಕುಳಿತುಕೊಳ್ಳುವುದು. ಯಂತ್ರವು ನಕ್ಷೆಗಾರನ ಕೈಯ ಶ್ರಮವನ್ನು ಕಳೆಯಿತು, ನಿಜ. ಅದರೊಡನೆ ಅವನ ಬೇಲಿಯನ್ನೂ ಕಿತ್ತಿತು. ಕಿತ್ತ ಬೇಲಿಯ ಸ್ಥಾನದಲ್ಲಿ ಬೇರೊಂದನ್ನು ನೆಡಬೇಕಾದವರು ಬೇಲಿ ಹೋದುದನ್ನೇ ಪ್ರಗತಿಯೆಂದು ಕೊಂಡಾಡುತ್ತಿರುವರು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. 'ನಕಲಿನಿಂದಲೇ ಅಲ್ಲವೆ ಕೂಲಿಗೆ ಹೋಗುವ ಹೆಂಗಸೂ ಹಂಸದ ಅಂಚಿನ ಸೀರೆಯನ್ನುಡುವಂತಾದುದು? ಸಿರಿವಂತರ ಮನೆಯ ಸೊಬಗು ಬಡವರ ಮನೆಗೂ ಬಂದಿತಲ್ಲವೆ? ಒಬ್ಬ ನಕ್ಷೆಗಾರನ ಕೂಲಿಗಾಗಿ ಇದನ್ನು ತಡೆಯುವುದು ಧರ್ಮವೆ?' ಈ ಆಕ್ಷೇಪವು ಹಗುರವಾದುದಲ್ಲ. ಬಡವಳ ಮೈಮೇಲೆ ಹಂಸವಿರುವುದು ಸಂತೋಷದ ವಿಷಯವೇ. ಆ ಸಂತೋಷವನ್ನು ಕಿತ್ತುಕೊಳ್ಳುವ ವಾದವು ನಿಲ್ಲತಕ್ಕದ್ದಲ್ಲ. ಆದರೆ ಅಗ್ಗದ ಸೀರೆಯ ಅಗ್ಗವು ಎಲ್ಲಿಂದ ಬಂದಿತೆಂಬುದನ್ನೂ ನೋಡಬೇಕು. ನೂಲಿನವನು ತನ್ನ ಬೆಲೆಯನ್ನು ಬಿಟ್ಟನೆ? ವಿದ್ಯುತ್ತಿನವನು ಬಿಟ್ಟನೆ? ಅಂಗಡಿಯವನು ಬಿಟ್ಟನೆ? ಯಾರೂ ಬಿಡಲಿಲ್ಲ. ಬಿಟ್ಟವನು ನೇಯುವವನೊಬ್ಬನು, ಬರೆಯುವವನೊಬ್ಬನು. ಬಡವಳಿಗೆ ದಾನವನ್ನು ಬಡವನ ಜೇಬಿನಿಂದ ತೆಗೆದುಕೊಟ್ಟು ಪುಣ್ಯವನ್ನು ಮಾತ್ರ ಮಧ್ಯದವನು ಕಟ್ಟಿಕೊಳ್ಳುವುದು ಯಾವ ಸ್ಮೃತಿಯಲ್ಲಿಯೂ ವಿಧಿಸಿದುದಲ್ಲ.

'ಪೇಟೆಯು ವಾರಕ್ಕೊಂದು ಹೊಸ ನಮೂನೆ ಕೇಳುವುದು, ಏನು ಮಾಡುವುದು?' ಎಂಬುದು ಇನ್ನೊಂದು ಮಾತು. ಪೇಟೆಯು ಕೇಳುವುದೋ, ಪೇಟೆಗೆ ಕೇಳಲು ಕಲಿಸಿರುವರೋ ಎಂಬುದು ಸಂದೇಹಾಸ್ಪದ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹತ್ತು ಮಗ್ಗಗಳಿಂದ ಆರಂಭವಾದ ಮೈಸೂರು ರೇಷ್ಮೆ ಕಾರ್ಖಾನೆಯ ಸೀರೆಯಲ್ಲಿ ಇರುವುದೇನು? ಬಹುಮಟ್ಟಿಗೆ ಬರಿಯ ಒಡಲು, ಜರಿಯ ಸಾದಾ ಅಂಚು. ಶತಮಾನ ಕಳೆದರೂ ಅದಕ್ಕಾಗಿ ಅಂಗಡಿಯ ಮುಂದೆ ಸಾಲುನಿಲ್ಲುವವರುಂಟು. ಇಳಕಲ್ಲಿನ ಗೋಮಿ ದಡಿಯನ್ನು ಅಜ್ಜಿಯೂ ಉಟ್ಟಳು, ಮೊಮ್ಮಗಳೂ ಉಡುತ್ತಿರುವಳು. ಒಳ್ಳೆಯ ನಮೂನೆಯು ಹಳೆಯದಾಗುವುದಿಲ್ಲ. ನಕಲಾದ ನಮೂನೆಯೇ ಹಳೆಯದಾಗುವುದು. ಏಕೆಂದರೆ ಎಲ್ಲರ ಮೈಮೇಲೂ ಕಳಪೆಯ ರೂಪದಲ್ಲಿ ಕಂಡು ಅದರ ಮಾನ ಹೋಗಿರುವುದು. ಬರೆದವನು ಮತ್ತೆ ಹೊಸದನ್ನು ಬರೆಯಬೇಕು, ಅದು ಮತ್ತೆ ನಕಲಾಗಬೇಕು. ಗಾಣದ ಎತ್ತು ದಿನವೆಲ್ಲಾ ನಡೆಯುವುದು. ಅದರ ನಡಿಗೆಯನ್ನು ಯಾರೂ ಪ್ರಯಾಣವೆಂದು ಕರೆಯರು.

ಅನ್ಯದೇಶಗಳ ಚರಿತ್ರೆಯನ್ನು ನೋಡಿದರೆ ಲಜ್ಜೆಯಾಗುವಂತಿದೆ. ಫ್ರಾನ್ಸಿನ ಲಿಯೋಂ ನಗರವು ರೇಷ್ಮೆಯ ಊರು. ಜಕಾರ್ಡು ಹುಟ್ಟಿದ ಊರೂ ಅದೇ. ಜಕಾರ್ಡು ಹುಟ್ಟುವುದಕ್ಕೆ ತೊಂಬತ್ತು ವರ್ಷಗಳಿಗೂ ಮುಂಚೆ, 1711ರಲ್ಲಿಯೇ, ಆ ನಗರದ ಆಡಳಿತವು ಒಬ್ಬ ತಯಾರಕನ ರೇಷ್ಮೆಯ ನಮೂನೆಯನ್ನು ಇನ್ನೊಬ್ಬನಿಗೆ ಸಾಗಿಸಬಾರದೆಂದು ಕಟ್ಟಳೆ ಮಾಡಿತು. 1787ರಲ್ಲಿ ರಾಜಾಜ್ಞೆಯಿಂದ ಅದು ಇಡೀ ಫ್ರಾನ್ಸಿಗೆ ಅನ್ವಯಿಸಿತು. ಅದೇ 1787ರಲ್ಲಿ ಇಂಗ್ಲೆಂಡಿನವರು ಅಚ್ಚೊತ್ತಿದ ಬಟ್ಟೆಗಳ ನಮೂನೆಗೆ ಎರಡು ತಿಂಗಳ ರಕ್ಷಣೆ ಕೊಟ್ಟರು. ಎರಡೇ ತಿಂಗಳು! ಆದರೂ ಅದರಲ್ಲಿ ಒಂದು ತತ್ತ್ವವುಂಟು. ಬಟ್ಟೆ ಬೇರೆ, ಅದರ ಮೇಲಿನ ಕಲ್ಪನೆ ಬೇರೆ. ಕಲ್ಪನೆಗೂ ಒಡೆಯನುಂಟು ಎಂಬುದೇ ಆ ತತ್ತ್ವ. 1805ರಲ್ಲಿ ಜಕಾರ್ಡನ ಯಂತ್ರವನ್ನು ಸಾರ್ವಜನಿಕರ ಸ್ವತ್ತೆಂದು ಸಾರಿದಾಗಲೂ ಫ್ರಾನ್ಸಿನ ಸರ್ಕಾರವು ಅವನನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ವೇತನವನ್ನೂ, ಯಂತ್ರವೊಂದಕ್ಕೆ ಇಷ್ಟೆಂದು ಗೌರವಧನವನ್ನೂ ಗೊತ್ತುಮಾಡಿತು. ಲೋಕಕ್ಕೆ ಕೊಡಿಸುವುದಾದರೆ ಮೊದಲು ಕೊಟ್ಟವನಿಗೆ ಕೊಟ್ಟು ಅನಂತರ ಕೊಡಿಸಬೇಕೆಂಬ ಮರ್ಯಾದೆಯು ಅಲ್ಲಿತ್ತು.

ಭಾರತದಲ್ಲಿ ಶಾಸನವಿಲ್ಲವೆ? ಉಂಟು. 1911ರ ಶಾಸನದ ಸ್ಥಾನದಲ್ಲಿ 2000ದ ವಿನ್ಯಾಸ ಶಾಸನವು ಬಂದಿದೆ. ನೋಂದಾಯಿಸಿದ ವಿನ್ಯಾಸಕ್ಕೆ ಹತ್ತು ವರ್ಷ, ಮತ್ತೆ ಕೇಳಿದರೆ ಇನ್ನೈದು ವರ್ಷ ರಕ್ಷಣೆಯುಂಟು. ಆದರೆ ಶಾಸನದ ಅಕ್ಷರಗಳನ್ನು ಓದಿದವರಿಗೆ ನಕ್ಷೆಗಾರನು ಅದರಲ್ಲಿ ಎಲ್ಲಿ ನಿಂತಿರುವನೆಂಬುದು ತಿಳಿಯುವುದು. ಪ್ರತಿಫಲ ಪಡೆದು ಇನ್ನೊಬ್ಬನಿಗಾಗಿ ಬರೆದುಕೊಟ್ಟರೆ ವಿನ್ಯಾಸದ ಒಡೆಯನು ಬರೆಸಿದವನೇ ಹೊರತು ಬರೆದವನಲ್ಲ. ಬರೆಸಿದ ಸಾಹುಕಾರನೋ ನೋಂದಣಿಯ ಗೋಜಿಗೆ ಹೋಗುವುದು ಅಪರೂಪ. ತನ್ನದು ನಕಲಾಯಿತೆಂದು ಬೈದು, ಮಾರನೆಯ ದಿನ ಇನ್ನೊಬ್ಬನದನ್ನು ನಕಲು ಮಾಡಿಸಲು ಅದೇ ಅಂಗಡಿಗೆ ಬರುವನು. ನಮೂನೆಯು ಪೇಟೆಗೆ ಬರುವುದಕ್ಕೆ ಮುಂಚೆಯೇ ಅರ್ಜಿ ಹೋಗಬೇಕು. ಪ್ರಕಟವಾದ ಮೇಲೆ ಅದು ಹೊಸದಲ್ಲ. ನೋಂದಣಿಯಿಲ್ಲದೆ ಚಿತ್ರದ ಹಕ್ಕನ್ನೇ ನೆಚ್ಚಿಕೊಂಡಿರೋಣವೆಂದರೆ, 1957ರ ಕೃತಿಸ್ವಾಮ್ಯ ಶಾಸನದ ಪ್ರಕಾರ ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ಯಂತ್ರವಿಧಾನದಿಂದ ಐವತ್ತಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಆ ಹಕ್ಕೂ ಮುಗಿದುಹೋಗುವುದು. ಐವತ್ತು ಸೀರೆಗಳು! ಹತ್ತಾರು ಮಗ್ಗವಿರುವ ಮನೆಯಲ್ಲಿ ಅದೆಷ್ಟು ದಿನದ ಕೆಲಸ? ಎಲ್ಲ ಕಟ್ಟಳೆಗಳನ್ನೂ ಪಾಲಿಸಿ ನೋಂದಾಯಿಸಿಯೂ ನಕಲಾದರೆ, ಒಂದೊಂದು ಅತಿಕ್ರಮಕ್ಕೆ 25,000 ರೂಪಾಯಿ, ಒಂದು ವಿನ್ಯಾಸಕ್ಕೆ ಒಟ್ಟಿನಲ್ಲಿ 50,000 ರೂಪಾಯಿಗೆ ಮಿತಿ. ಅದಕ್ಕಿಂತ ಹೆಚ್ಚಿನ ನಷ್ಟಕ್ಕೆ ದಾವೆ ಹೂಡಬಹುದು. ವಕೀಲರ ಮನೆಯ ಮೆಟ್ಟಿಲು ಸವೆಸುವಷ್ಟು ವಿರಾಮವು ಎಂಟಡಿ ಅಂಗಡಿಯವನಿಗೆ ಇರಬೇಕಷ್ಟೆ.

ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಗುರುತು ದೊರೆತಿದೆ. ಬೆಂಗಳೂರು ನೀಲಿದ್ರಾಕ್ಷಿಗೂ ದೊರೆತಿದೆ. ಒಳ್ಳೆಯದೇ. ಹಣ್ಣಿಗೆ ಊರಿನ ಹೆಸರಿನ ರಕ್ಷೆಯುಂಟು. ಹಣ್ಣಿನಂಥ ಬುಟ್ಟಾ ಬರೆದವನಿಗೆ ಯಾವ ರಕ್ಷೆಯೂ ಇಲ್ಲ.

ಇಷ್ಟನ್ನು ಹೇಳಿ ದೊಡ್ಡಬಳ್ಳಾಪುರದವರನ್ನು ಕೇವಲ ಕಳವಾದವರೆಂದು ನಿಲ್ಲಿಸಿದರೆ ಅರ್ಧಸತ್ಯವಾದೀತು. ಕಂಚಿಯ ಗೋಪುರದ ಅಂಚು ಈ ಊರಿನ ಮಗ್ಗಕ್ಕೆ ಹೇಗೆ ಬಂದಿತು? ಧರ್ಮಾವರದ ಸೆರಗು ಹೇಗೆ ಬಂದಿತು? ಮೊಳಕಾಲ್ಮೂರಿನ ಕುಶಲಿಗಳು ಕೈಮಗ್ಗದಲ್ಲಿ ದಿನಗಟ್ಟಲೆ ಕುಳಿತು ನೇಯುವ ಬುಟ್ಟಾಗಳ ಛಾಯೆಯು ವಿದ್ಯುನ್ಮಗ್ಗದ ಸೀರೆಯ ಮೇಲೆ ಯಾರ ಅನುಮತಿಯಿಂದ ಬಿದ್ದಿತು? ಕಂಚಿಯವನಿಂದ ತಾನು ತಂದುದು ಸಂಪ್ರದಾಯ, ತನ್ನಿಂದ ಸೂರತ್ತಿನವನು ಒಯ್ದುದು ಕಳ್ಳತನ ಎಂಬ ನ್ಯಾಯವು ನಿಲ್ಲುವುದಿಲ್ಲ. ಆಯುಧಪೂಜೆಯ ಆ ದಿನ ಅಂಗಡಿಯ ಯಜಮಾನನಿಗೆ ತಂದೆಯ ಪುಸ್ತಕಕ್ಕಿಂತ ಹೆಚ್ಚಾಗಿ ಚುಚ್ಚಿದುದು ಇದೇ. ತಾನು ಕಂಪ್ಯೂಟರಿನಲ್ಲಿ ಮಾಡಿದ ಸಾವಿರಾರು ನಮೂನೆಗಳಲ್ಲಿ ತನ್ನವೆಂದು ಎದೆಮುಟ್ಟಿ ಹೇಳಬಹುದಾದುವು ಎಷ್ಟೆಂದು ಎಣಿಸತೊಡಗಿ, ಕೈಬೆರಳುಗಳು ಮುಗಿಯುವುದಕ್ಕೆ ಮುಂಚೆಯೇ ನಿಲ್ಲಿಸಿದನು. ಉಳಿದುವೆಲ್ಲ ಒಂದರ ಅಂಚು, ಇನ್ನೊಂದರ ಸೆರಗು, ಮತ್ತೊಂದರ ಹೂವು. ಕಂಪ್ಯೂಟರು ಅವನಿಗೆ ಉಪಕಾರ ಮಾಡಿಲ್ಲವೆಂದಲ್ಲ. ನೇಯುವುದಕ್ಕೆ ಮುಂಚೆಯೇ ಬಣ್ಣ ಕಾಣುವುದು. ತೂತು ತಪ್ಪಿ ಕಾರ್ಡು ಕೆಡುವ ಭಯವಿಲ್ಲ. ತಂದೆಯಂತೆ ಸಂಜೆಗೆ ಕಣ್ಣುಗಳಲ್ಲಿ ನೀರು ಸುರಿಯುವುದೂ ಕಡಮೆ. ಆದರೆ ಉಳಿದ ಹೊತ್ತನ್ನು ಯಂತ್ರವು ಅವನಿಗೆ ಕೊಡಲಿಲ್ಲ. ಅದನ್ನೂ ಸಾಹುಕಾರನೇ ತೆಗೆದುಕೊಂಡನು. 2022ರಿಂದೀಚೆಗೆ ಬಾಯಿಮಾತಿನ ಅಪ್ಪಣೆಗೆ ಚಿತ್ರ ಬರೆದುಕೊಡುವ ಯಂತ್ರಬುದ್ಧಿಯೂ ಪೇಟೆಗಿಳಿದಿದೆ. ಅದು ಮಾಡುವುದೂ ಲೋಕದ ಚಿತ್ರಗಳನ್ನೆಲ್ಲ ಅರೆದು ಹೊಸ ಉಂಡೆ ಕಟ್ಟುವುದನ್ನೇ. ಇಷ್ಟು ದಿನ ತಾನೇ ಆ ಯಂತ್ರವಾಗಿದ್ದವನಿಗೆ ಅದನ್ನು ಬೈಯುವುದಕ್ಕೂ ಬಾಯಿಲ್ಲದಂತಾಗಿದೆ.

ಹೊಸ ನಮೂನೆಯು ಎಲ್ಲಿಂದ ಬರುವುದು? ನೋಡುವುದಕ್ಕೆ ಹೊತ್ತಿದ್ದವನಿಗೆ ಬರುವುದು. ದೇವನಹಳ್ಳಿಯ ಕೋಟೆಯೊಳಗಿನ ವೇಣುಗೋಪಾಲಸ್ವಾಮಿಯ ಗುಡಿಯ ಗೋಡೆಗಳ ಮೇಲೆ ರಾಮಾಯಣವೂ ಕೃಷ್ಣನ ಲೀಲೆಯೂ ಸಾಲುಸಾಲಾಗಿ ಕೆತ್ತಿವೆ. ನಂದಿಯ ತಪ್ಪಲಿನಲ್ಲಿ ಭೋಗನಂದೀಶ್ವರನ ಕಲ್ಲಿನ ಜಾಲಂಧ್ರಗಳಿವೆ. ಕಲ್ಲನ್ನೇ ಜಾಲರಿಯಾಗಿಸಿದ ಆ ಶಿಲ್ಪಿಯು ಚೌಕಳಿ ಕಾಗದದ ಕಷ್ಟವನ್ನು ಚೆನ್ನಾಗಿ ಬಲ್ಲವನಾಗಿದ್ದಿರಬೇಕು. ಅಷ್ಟು ದೂರವೇಕೆ? ನಕ್ಷೆಗಾರನ ಹೊಸಿಲಿನ ಮುಂದೆಯೇ ಅವನ ಮನೆಯಾಕೆಯು ದಿನವೂ ಬೆಳಗ್ಗೆ ಚುಕ್ಕಿಯಿಟ್ಟು ರಂಗೋಲಿ ಎಳೆಯುವಳು. ಹದಿನೈದು ಚುಕ್ಕಿಯಿಂದ ಒಂದಕ್ಕೆ ಇಳಿಸುವ ಆ ಲೆಕ್ಕವು ಜಕಾರ್ಡಿನ ಲೆಕ್ಕದ ತಾಯಿಯೇ ಸರಿ. ತಂದೆಯ 'ತೇರಿನ ಅಂಚು' ಹುಟ್ಟಿದುದು ಅಂಥ ಒಂದು ರಂಗೋಲಿಯಿಂದಲೇ ಎಂಬುದು ಲೆಕ್ಕದ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿತ್ತು. ಮಗನು ಮೂವತ್ತು ವರ್ಷಗಳಲ್ಲಿ ಆ ಸಾಲನ್ನು ನೋಡಿಯೇ ಇರಲಿಲ್ಲ. ಈಗ ಅದೇ ಹೊಸಿಲನ್ನು ದಾಟಿ ಅಂಗಡಿಗೆ ಓಡುವವನಿಗೆ ರಂಗೋಲಿಯನ್ನು ತುಳಿಯದಿರುವಷ್ಟೇ ವ್ಯವಧಾನ.

ಮಾಡಬಹುದಾದ ಕೆಲಸವು ಆಕಾಶಕ್ಕೆ ಏಣಿ ಹಾಕುವಂಥದೇನೂ ಅಲ್ಲ. ನೇಕಾರರ ಸಂಘಗಳೂ ಸಾಹುಕಾರರೂ ನಕ್ಷೆಗಾರರೂ ಒಂದೆಡೆ ಕುಳಿತು ಊರಿನಲ್ಲಿಯೇ ನಮೂನೆಗಳ ದಾಖಲೆಯ ಪುಸ್ತಕವೊಂದನ್ನು ಇಡಬಹುದು: ನಮೂನೆಯ ಹೆಸರು, ಬರೆದವನ ಹೆಸರು, ತಾರೀಖು. ದಾಖಲಾದುದನ್ನು ಊರೊಳಗೆ ಒಂದು ವರ್ಷ ಯಾರೂ ನೇಯಬಾರದು. ನೇಯ್ದರೆ ಬರೆದವನಿಗೂ ಬರೆಸಿದವನಿಗೂ ಇಷ್ಟೆಂದು ಕೊಡಬೇಕು. ಲಿಯೋಂ ನಗರದವರು 1711ರಲ್ಲಿ ಆರಂಭಿಸಿದುದೂ ಊರಿನ ಕಟ್ಟಳೆಯಿಂದಲೇ, ರಾಜನ ಶಾಸನದಿಂದಲ್ಲ. ಮುಖ್ಯವಾದ ಹತ್ತಾರು ನಮೂನೆಗಳನ್ನು ಆರಿಸಿ ಸಂಘದ ಖರ್ಚಿನಲ್ಲಿ ಶಾಸನಬದ್ಧವಾಗಿ ನೋಂದಾಯಿಸಬಹುದು. 2015ರಿಂದ ಪ್ರತಿ ಆಗಸ್ಟ್ 7ರಂದು ಕೈಮಗ್ಗ ದಿನವು ನಡೆಯುವುದಷ್ಟೆ. ಆ ದಿನ ಶಾಲು ಹೊದೆಯುವವರ ಸಾಲಿನಲ್ಲಿ ಆ ಶಾಲಿನ ಅಂಚನ್ನು ಬರೆದವನಿಗೂ ಒಂದು ಕುರ್ಚಿ ಹಾಕಬಹುದು. ಸೂರತ್ತಿನವನನ್ನು ತಡೆಯುವುದು ಇದರಿಂದ ಆಗದೆಂದು ಯಾರಾದರೂ ಹೇಳಿದರೆ, ಅದು ನಿಜ. ಪಕ್ಕದ ಬೀದಿಯವನನ್ನು ತಡೆಯಲಾರದವನು ಸೂರತ್ತಿನವನನ್ನು ಕುರಿತು ಘೋಷಣೆ ಕೂಗುವುದರ ಪ್ರಯೋಜನವೇನೆಂಬುದನ್ನು ಅವರೇ ಹೇಳಲಿ.

ಹಳೆಯ ಕಾರ್ಡುಗಳ ವಿಷಯವು ಇವೆಲ್ಲಕ್ಕಿಂತ ತುರ್ತಿನದು. ಎಷ್ಟೋ ಅಟ್ಟಗಳ ಮೇಲೆ ಅವು ಬಿದ್ದಿವೆ. ಇಲಿ ಕಡಿದುವು ಕೆಲವು, ಸೋರಿದ ನೀರಿಗೆ ಊದಿದುವು ಕೆಲವು. ಅವನ್ನು ಓದಬಲ್ಲ ಮುದುಕರು ಇನ್ನೂ ಕೆಲವರಿರುವರು: ತೂತುಗಳ ಮೇಲೆ ಬೆರಳಾಡಿಸಿಯೇ ಇದು ನವಿಲು, ಇದು ರುದ್ರಾಕ್ಷಿ ಎಂದು ಹೇಳಬಲ್ಲವರು. ಕಾರ್ಡುಗಳನ್ನು ತೆಗೆದಿಡುವುದಕ್ಕೆ ಬೇಕಾದುದು ಸೋರದ ಒಂದು ಕೋಣೆ, ಹೆಸರು ಬರೆಯಲು ಒಂದು ಪುಸ್ತಕ. ಯಜಮಾನನು ಆ ದಿನ ಕಟ್ಟುಗಳನ್ನು ಒರಸಿ, ಕುಂಕುಮವಿಟ್ಟು, ಕಂಪ್ಯೂಟರಿನ ಪಕ್ಕದಲ್ಲಿಯೇ ಇರಿಸಿ ಪೂಜೆ ಮಾಡಿದನು. ಅನಂತರ ಅವನ್ನು ಮತ್ತೆ ಅಟ್ಟಕ್ಕೆ ಏರಿಸಲಾಯಿತು. ಗುಜರಿಯವನು ಅದಾಗಲೇ ಬಂದು ತೂಕದ ಅಂದಾಜು ನೋಡಿಕೊಂಡು, ದೀಪಾವಳಿ ಕಳೆದ ಮೇಲೆ ತಕ್ಕಡಿ ತರುವೆನೆಂದು ಹೇಳಿಹೋಗಿದ್ದಾನೆ.